ರಾಡ್ ನಿಲ್ಲಿಸುವ ಒಂದು ಗೂಟಕ್ಕಾಗಿ ಮೂರು ತಿಂಗಳು

ಕಳೆದ ಭಾನುವಾರ ಭಿಗವಣದ ಹತ್ತಿರ, ಉಜನಿ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ನನ್ನ ಮೀನು ಹಿಡಿಯುವ ರಾಡ್ ಬೆಳಗಿನಿಂದ ಸಂಜೆವರೆಗೂ ನಿಂತಲ್ಲೇ ನಿಂತಿತ್ತು. ಗಾಳಿ ಬಂತು, ಮೀನು ಎಳೆಯಿತು, ಗೂಟ ಅಲುಗಲಿಲ್ಲ. ಇಷ್ಟು ಕಾಣುವುದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು. ದುಡ್ಡು ಹೋಯಿತು, ಒಂದು ಒಳ್ಳೆಯ ರಾಡೂ ಹೋಯಿತು. ಪುಣೆ ಕಡೆ ರಜೆ ದಿನ ದಡದಲ್ಲಿ ಕೂತು ಗಾಳ ಹಾಕುವ ನಮ್ಮವರು ಎಷ್ಟೋ ಜನ ಇದ್ದಾರೆ. ಅವರು ನನ್ನ ಹಾಗೆ ಅಲೆಯುವುದು ಬೇಡ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಾನು ಅಫಜಲಪುರ ತಾಲೂಕಿನವನು. ಊರ ಮನೆಯಿಂದ ಭೀಮಾ ನದಿಗೆ ಹತ್ತು ನಿಮಿಷದ ನಡಿಗೆ. ಈಗ ಕೆಲಸ ಪುಣೆ ಹತ್ತಿರದ ಭೋಸರಿಯಲ್ಲಿ, ಮನೆ ಅಲ್ಲೇ ಮೋಶಿಯಲ್ಲಿ. ಪವನಾ ಅಣೆಕಟ್ಟು ನನಗೆ ಹತ್ತಿರ. ಆದರೂ ನೂರು ಕಿಲೋಮೀಟರಿಗಿಂತ ಜಾಸ್ತಿ ಬೈಕ್ ಓಡಿಸಿ ಭಿಗವಣಕ್ಕೇ ಹೋಗುತ್ತೇನೆ. ಅದು ಭೀಮೆಯ ನೀರು. ಭೀಮಾಶಂಕರದಲ್ಲಿ ಹುಟ್ಟಿ, ಉಜನಿಯಲ್ಲಿ ನಿಂತು, ಪಂಢರಪುರ ದಾಟಿ, ಆಮೇಲೆ ನಮ್ಮ ಊರ ಮುಂದೆ ಹಾಯುವ ನೀರು. ಅದರ ಪಕ್ಕ ಕೂತರೆ ಅರ್ಧ ಊರಿಗೆ ಹೋಗಿ ಬಂದಷ್ಟು ಸಮಾಧಾನ.

ಊರಲ್ಲಿ ನಾವು ರಾಡಿಗೆ ಸ್ಟ್ಯಾಂಡ್ ಎಂಬುದನ್ನೇ ಕಂಡಿರಲಿಲ್ಲ. ಬಿದಿರಿನ ಕೋಲಿಗೆ ದಾರ, ಬೆಂಡು, ಕೊಕ್ಕೆ, ಎರೆಹುಳು. ಕೈ ಸೋತರೆ ಜಾಲಿಯ ಕವೆಗೋಲು ಕಡಿದು ಮಣ್ಣಿಗೆ ಚುಚ್ಚಿ ಅದರ ಮೇಲೆ ಒರಗಿಸುತ್ತಿದ್ದೆವು. ಎರೆಮಣ್ಣು, ಒದ್ದೆ ದಡ, ಕೋಲು ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತಿತ್ತು. ಸಿಗುತ್ತಿದ್ದದ್ದೂ ಅಂಗೈಯಷ್ಟು ಮೀನು. ಕವೆಗೋಲು ಬಿದ್ದರೂ ಏನೂ ನಷ್ಟವಿಲ್ಲ.

ನನಗೆ ಕೆಲಸ ಸಿಕ್ಕ ವರ್ಷ ಅಣ್ಣ ಒಂದು 9 ಅಡಿಯ ರಾಡ್, ದಾರ ಸುತ್ತುವ ರೀಲು ಕೊಡಿಸಿದ. ಅದನ್ನೇ ನಾನು ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಕಳೆದುಕೊಂಡದ್ದು.

ಅವತ್ತು ಭಿಗವಣದ ದಡದಲ್ಲಿ ಒಂದು ಜಾಲಿ ಕವೆ ನೆಟ್ಟು ರಾಡ್ ಒರಗಿಸಿದ್ದೆ. ಬುಡಕ್ಕೆ ಒಂದು ಕಲ್ಲು. ಗೋಧಿ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿದ ಉಂಡೆ ಹಾಕಿ ಒಂದೂವರೆ ಗಂಟೆ ಆಗಿತ್ತು. ಬುತ್ತಿ ಬಿಚ್ಚಲು ತಿರುಗಿದೆ, ಅಷ್ಟೇ. ಹಿಂದೆ ಕಲ್ಲು ಉರುಳಿದ ಸದ್ದು. ತಿರುಗಿ ನೋಡುವಷ್ಟರಲ್ಲಿ ರಾಡಿನ ಹಿಡಿ ನೀರಿನ ಮೇಲೆ ಒಂದು ಗೆರೆ ಎಳೆದುಕೊಂಡು ಹೋಗುತ್ತಿತ್ತು. ಸೊಂಟದವರೆಗೆ ಇಳಿದೆ. ಮುಂದೆ ಹೂಳು, ಕಾಲು ಹೂತುಹೋಗತೊಡಗಿತು. ಹಿಂದೆ ಬಂದೆ. ಹಿನ್ನೀರಿನ ಹೂಳಿನಲ್ಲಿ ವಸ್ತುವಿಗಾಗಿ ಇಳಿಯಬೇಡಿ, ದಯವಿಟ್ಟು. ಅಲ್ಲೇ ದೋಣಿಯಲ್ಲಿದ್ದ ಒಬ್ಬ ಕಾಕಾ ಕೊಕ್ಕೆ ಕಟ್ಟಿದ ಹಗ್ಗ ಎಸೆದು ಒಂದು ಗಂಟೆ ಹುಡುಕಿದರು. ಸಿಗಲಿಲ್ಲ. ನಾನು ಕೊಟ್ಟ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಅಣ್ಣನಿಗೆ ಎರಡು ವಾರ ಹೇಳಲಿಲ್ಲ. ಹೇಳಿದಾಗ ಅವನು ಒಂದೇ ಮಾತು ಕೇಳಿದ: “ಡ್ರ್ಯಾಗ್ ಬಿಗಿ ಇತ್ತೇನೋ?” ಇತ್ತು.

ಇಲ್ಲಿ ಹೊಸಬರಿಗೆ ಒಂದು ಮಾತು. ರೀಲಿನಲ್ಲಿ ಡ್ರ್ಯಾಗ್ ಅಂತ ಒಂದು ತಿರುಪು ಇರುತ್ತದೆ. ಅದನ್ನು ಸಡಿಲಿಸಿದರೆ ಮೀನು ಎಳೆದಾಗ ದಾರ ಬಿಚ್ಚಿಕೊಳ್ಳುತ್ತದೆ, ರಾಡ್ ಉಳಿಯುತ್ತದೆ. ಬಿಗಿ ಇದ್ದರೆ ಮೀನಿನ ಪೂರ್ತಿ ಎಳೆತ ರಾಡಿಗೆ, ರಾಡಿನಿಂದ ಸ್ಟ್ಯಾಂಡಿಗೆ. ಯಾವ ಸ್ಟ್ಯಾಂಡ್ ಇದ್ದರೂ ರಾಡ್ ಇಟ್ಟು ಎದ್ದು ಹೋಗುವ ಮುಂಚೆ ಡ್ರ್ಯಾಗ್ ಸಡಿಲ ಮಾಡಿ. ಬಿಟ್ಟಿಯಾಗಿ ಆಗುವ ಕೆಲಸ ಇದೊಂದೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಹಾರಾಷ್ಟ್ರದ ಜಲಾಶಯಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಕ್ಕೋ ಗುತ್ತಿಗೆ ಹಿಡಿದವರಿಗೋ ಇರುತ್ತದೆ. ಕೇಳದೆ ಗಾಳ ಹಾಕುವುದು ಅವರ ಹೊಟ್ಟೆಪಾಡಿಗೆ ಕೈ ಹಾಕಿದ ಹಾಗೆ. ನಾನು ಪ್ರತಿ ಸಲ ದಡದ ಮೀನು ತೂಗುವ ಜಾಗಕ್ಕೆ ಹೋಗಿ ಕೇಳಿ, ದಿನದ ದುಡ್ಡು ಕೊಟ್ಟು, ಚೀಟಿ ಬರೆಸಿಕೊಳ್ಳುತ್ತೇನೆ. ಒಂದು ಸಲ ಆಧಾರ್ ಜೆರಾಕ್ಸ್ ಕೇಳಿದರು. ಅಂದಿನಿಂದ ಡಬ್ಬಿಯಲ್ಲಿ ಒಂದು ಪ್ರತಿ ಇಟ್ಟಿದ್ದೇನೆ. ದೇಹು, ಆಳಂದಿಯಲ್ಲಿ ಇಂದ್ರಾಯಣಿಯ ದೇವಸ್ಥಾನದ ಘಾಟಿನ ಕಡೆ ಮಾತ್ರ ಗಾಳ ತೆಗೆದುಕೊಂಡು ಹೋಗಲೇಬೇಡಿ. ಅಲ್ಲಿನ ಮೀನು ಭಕ್ತರಿಗೆ ದೇವರ ಮೀನು.

ಸರಿ, ಹೊಸ ರಾಡ್ ದಡಕ್ಕೆ ಒಯ್ಯುವ ಮುಂಚೆ ಅದನ್ನು ನಿಲ್ಲಿಸುವ ಗಟ್ಟಿ ಹೋಲ್ಡರ್ ಬೇಕು ಅಂತ ನಿರ್ಧಾರ ಮಾಡಿದೆ. ಮೊದಲು ನೋಡಿದ್ದು ಫೋನಿನಲ್ಲಿ. ಅಲ್ಲಿ ಮೂರು ತರದವು ಕಂಡವು. ಒಂದು, ತಲೆಯಲ್ಲಿ ಇಂಗ್ಲಿಷ್ ವಿ ಆಕಾರದ ಕಡ್ಡಿ. ಇದು ನಮ್ಮ ಕವೆಗೋಲೇ, ಲೋಹದ್ದು ಅಷ್ಟೇ. ರಾಡಿನ ಭಾರ ಹೊರುತ್ತದೆ, ಮುಂದಕ್ಕೆ ಜಾರುವುದನ್ನು ತಡೆಯುವುದಿಲ್ಲ. ಎರಡು, ದಪ್ಪ ತಂತಿಯನ್ನು ಸುರುಳಿ ಸುತ್ತಿ ಮಾಡಿದ್ದು. ಮೂರು, ಕೊಳವೆ ಇರುವ ಅಲ್ಯೂಮಿನಿಯಂ ಗೂಟ. ಮೂರನೆಯದನ್ನು 649 ರೂಪಾಯಿಗೆ ತರಿಸಿದೆ. ನಾಲ್ಕು ದಿನ ಅಂದದ್ದು ಒಂಬತ್ತನೆಯ ದಿನ ಬಂತು. ಕೈಯಲ್ಲಿ ಹಿಡಿದಾಗ ಹಗುರ, ಚೆಂದ. ಭಾನುವಾರ ಪವನಾಕ್ಕೆ ಒಯ್ದೆ.

ಪವನಾದ ದಡ ಮುರುಮ್. ಮುರುಮ್ ಅಂದರೆ ನಮ್ಮ ಕಡೆಯ ಗರಸು. ನಾಲ್ಕು ಬೆರಳು ಮಣ್ಣು, ಅದರ ಕೆಳಗೆ ಕೊಳೆತ ಕಪ್ಪು ಕಲ್ಲು. ಗೂಟ ಕೈಯಿಂದ ಒತ್ತಿದರೆ ಇಳಿಯಲಿಲ್ಲ. ಕಲ್ಲಿನಿಂದ ಬಡಿದೆ. ನಾಲ್ಕನೆಯ ಏಟಿಗೆ ತುದಿ ಮಡಚಿಕೊಂಡಿತು, ಮೇಲಿನ ಪ್ಲಾಸ್ಟಿಕ್ ಟೊಪ್ಪಿ ಎರಡು ಹೋಳಾಯಿತು. ಫೋಟೊ ತೆಗೆದು ವಾಪಸಿಗೆ ಹಾಕಿದೆ. “ಬಳಸಿದ ವಸ್ತು” ಅಂತ ತಿರಸ್ಕರಿಸಿದರು. ಮೂರು ಸಲ ಬರೆದೆ, ಮೂರು ಸಲವೂ ಅದೇ ಉತ್ತರ. ಬಳಸದೆ ಅದು ಗಟ್ಟಿಯೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಬೇಜಾರಾಯಿತು. ನೀವು ತರಿಸುವುದಾದರೆ ಕೊಳವೆ ನೋಡಬೇಡಿ, ನೆಲಕ್ಕೆ ಇಳಿಯುವ ಭಾಗ ನೋಡಿ. ಅದು ಟೊಳ್ಳು ಅಲ್ಯೂಮಿನಿಯಂ ಆಗಿದ್ದರೆ ನಮ್ಮ ಈ ಕಡೆಯ ನೆಲಕ್ಕೆ ಆಗುವುದಿಲ್ಲ.

ಆಮೇಲೆ ಪಿವಿಸಿ ಪೈಪ್. ಸಮುದ್ರದ ಮರಳಿನಲ್ಲಿ ಗಾಳ ಹಾಕುವವರು ಪೈಪಿನ ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಮರಳಿಗೆ ಚುಚ್ಚುತ್ತಾರೆ. ಕೊಂಕಣದ ಬೀಚಿನಲ್ಲಿ ನಾನೇ ನೋಡಿದ್ದೆ. ಮೋಶಿಯ ನಲ್ಲಿ ಸಾಮಾನಿನ ಅಂಗಡಿಯಲ್ಲಿ 40 ಮಿಲಿಮೀಟರ್ ಪೈಪ್ ಮೂರು ಅಡಿ ಕತ್ತರಿಸಿಕೊಟ್ಟರು, 120 ರೂಪಾಯಿ. ಒಂದು ಎಚ್ಚರಿಕೆ: ಪಿವಿಸಿ ಪೈಪಿನ ಅಳತೆ ಹೊರಗಿನದು. 40 ಅಂದರೆ ಒಳಗೆ ಸುಮಾರು 36. ರಾಡನ್ನೇ ಅಂಗಡಿಗೆ ಒಯ್ದು ಹಿಡಿ ತೂರಿಸಿ ನೋಡಿ ತನ್ನಿ. ನಾನು ಒಯ್ದಿರಲಿಲ್ಲ. ಮನೆಗೆ ಬಂದು ಹೊಸ ರಾಡಿನ ಹಿಡಿ ತೂರಿಸಿದೆ, ಸರಿಯಾಗಿ ಕೂತಿತು. ಹೆಚ್ಚು ದಪ್ಪ ಹಿಡಿ ಇದ್ದವರಿಗೆ 50 ಬೇಕಾಗುತ್ತದೆ.

ಪೈಪ್ ಮುರುಮಿಗೆ ಹೋಗಲೇ ಇಲ್ಲ, ಬಡಿದರೆ ಬಾಯಿ ಸೀಳಿತು. ಭಿಗವಣದ ಹೂಳಿನಲ್ಲಿ ಸರಾಗ ಇಳಿಯಿತು. ಖುಷಿಪಟ್ಟೆ. ಅರ್ಧ ಗಂಟೆಯಲ್ಲಿ ಗಾಳಿಗೆ ರಾಡ್ ನಿಧಾನಕ್ಕೆ ನೀರಿನ ಕಡೆ ಬಾಗುತ್ತಾ ಬಂತು. ಜೊತೆಗೆ ಪೈಪು ತನ್ನಷ್ಟಕ್ಕೆ ತಿರುಗುತ್ತಿತ್ತು. ದುಂಡಗಿನದು ನೆಲದಲ್ಲಿ ಹಿಡಿತ ಕಾಣದೆ ತಿರುಗುತ್ತದೆ ಎಂಬುದು ಅವತ್ತು ಗೊತ್ತಾಯಿತು. ಆ ಭಾನುವಾರ ಪೂರ್ತಿ ಪೈಪಿನ ಪಕ್ಕ ಕೈ ಇಟ್ಟುಕೊಂಡೇ ಕೂತೆ. ಮನೆಗೆ ಬಂದಾಗ ಮೈಯೆಲ್ಲ ನೋವು. “ಇಷ್ಟು ಕಷ್ಟಪಟ್ಟು ಯಾಕೆ ಹೋಗಬೇಕು?” ಅಂತ ಮನೆಯವಳು ಕೇಳಿದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅಣ್ಣನ ರಾಡ್ ಹೋದ ಮೇಲೆ ಈ ಗೂಟ ನನಗೆ ಬರೀ ಗೂಟವಾಗಿ ಉಳಿದಿರಲಿಲ್ಲ.

ಜನವರಿಯಲ್ಲಿ ಕಬ್ಬಿಣದ್ದನ್ನೇ ಮಾಡಿಸೋಣ ಅಂತ ಹೊರಟೆ. ಒಂದು ಬುಧವಾರ ಅರ್ಧ ರಜೆ ಹಾಕಿ ಜೂನಾ ಬಜಾರಿಗೆ ಹೋದೆ. ಮಂಗಳವಾರ ಪೇಠೆಯ ಆ ಹಳೆ ಸಾಮಾನಿನ ಸಂತೆ ಬುಧವಾರ ಮತ್ತು ಭಾನುವಾರ ಸೇರುತ್ತದೆ. ಹಳೆ ಸುತ್ತಿಗೆ, ಸ್ಪ್ಯಾನರ್, ಮುರಿದ ರೀಲು ಎಲ್ಲ ಕಂಡವು, ಹೋಲ್ಡರ್ ಇಲ್ಲ. ಅಲ್ಲಿಂದ ರವಿವಾರ ಪೇಠೆಯ ಬೋಹರಿ ಆಳಿ. ಕಬ್ಬಿಣದ ಸಾಮಾನಿಗೆ ಪುಣೆಯಲ್ಲಿ ಅದಕ್ಕಿಂತ ದೊಡ್ಡ ಓಣಿ ನನಗೆ ಗೊತ್ತಿಲ್ಲ. ಒಂದು ಅಂಗಡಿಯಲ್ಲಿ ಧ್ವಜ ನಿಲ್ಲಿಸುವ ಪಾದ ತೋರಿಸಿದರು. ಗೋಡೆಗೆ ಮೊಳೆ ಹೊಡೆಯುವ ತರದ್ದು. ದಡಕ್ಕೆ ಪ್ರಯೋಜನವಿಲ್ಲ. ಬೈಕ್ ನಿಲ್ಲಿಸುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಸಿದ್ಧವಾದದ್ದು ಸಿಗುತ್ತದೆ ಅಂತ ಪೇಠೆಗಳಲ್ಲಿ ಅಲೆಯಬೇಡಿ. ಒಂದು ಮಧ್ಯಾಹ್ನ ಉಳಿಯುತ್ತದೆ.

ಕೊನೆಗೆ ದಾರಿ ತೋರಿಸಿದವರು ಭೋಸರಿಯಲ್ಲಿ ನಮ್ಮ ಕಾರ್ಖಾನೆಯ ಹಿಂದಿನ ಓಣಿಯ ವೆಲ್ಡಿಂಗ್ ಮಾಮಾ. ಕಲಬುರಗಿ ಕಡೆಯವರು. ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾರೆ. ನಾನು ಪೈಪು, ಗೂಟ, ಅಳತೆ ಅಂತ ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

“ಅದೆಲ್ಲಾ ಆಮ್ಯಾಲ. ಮೀನ ಎಷ್ಟ ಜಗ್ಗತದ? ಅಲ್ಲಿ ನೆಲ ಎಂಥಾದದ? ಅದ ಹೇಳ್ರಿ ಮೊದ್ಲ.”

ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ತಿಂಗಳು ಹೋಲ್ಡರ್ ಹುಡುಕಿದ್ದೆ, ಈ ಎರಡು ಪ್ರಶ್ನೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತಿಳಿದುಕೊಂಡು ಬರುತ್ತೇನೆ ಮಾಮಾ ಅಂತ ಹೇಳಿ ಬಂದೆ.

ಆ ಸಂಜೆ ಮನೆ ಹತ್ತಿರದ ಖಾಲಿ ಜಾಗದಲ್ಲಿ ಕೊಕ್ಕೆ ತಕ್ಕಡಿ ಕಟ್ಟಿ ನೋಡಿದೆ. ಡ್ರ್ಯಾಗ್ ನಾನು ಇಡುವಷ್ಟು ಬಿಗಿ ಇಟ್ಟು ದಾರ ಎಳೆದರೆ 2 ಕೆಜಿಗೆ ಬಿಚ್ಚಿಕೊಳ್ಳುತ್ತಿತ್ತು. ಎರಡೇ ಕೆಜಿ ಅಲ್ವಾ ಅನಿಸಬಹುದು. ಆದರೆ ಆ ಎಳೆತ ಬೀಳುವುದು ರಾಡಿನ ತುದಿಗೆ, ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿ. ಕೊಳವೆಯ ಬಾಯಿ ನೆಲದಿಂದ 60 ಸೆಂಟಿಮೀಟರ್ ಎತ್ತರ ಇದೆ ಅಂದುಕೊಳ್ಳಿ. ಮೇಲೆ 2 ಕೆಜಿ ಎಳೆದರೆ ಗೂಟಕ್ಕೆ ಅದು ಬಾಯಿಯ ಹತ್ತಿರ 10 ಕೆಜಿ ಎಳೆದಷ್ಟು. ಸನಿಕೆಯ ಕಾವಿನ ತುದಿ ಹಿಡಿದು ಮೀಟಿದ ಹಾಗೆ. ರಾಡ್ ಬಾಗಿದಾಗ ತುದಿ ಕೆಳಗೆ ಬರುತ್ತದೆ, ಗೂಟವನ್ನು ಮೀಟುವ ಬಲ ಕಡಿಮೆಯಾಗುತ್ತದೆ, ನಿಜ. ಆದರೂ ಗೂಟ 10 ಕೆಜಿಗೆ ನಿಲ್ಲುವಂತಿರಬೇಕು ಅಂತ ಲೆಕ್ಕ ಹಾಕಿದೆ. ಹಳೆಯವನ್ನೂ ಅದೇ ಜಾಗದಲ್ಲಿ ನೆಟ್ಟು, ಬಾಯಿಗೆ ಹಗ್ಗ ಕಟ್ಟಿ ತಕ್ಕಡಿಯಿಂದ ಎಳೆದೆ. ನೆಟ್ಟಗೆ ಮಾಡಿಕೊಂಡ ಅಲ್ಯೂಮಿನಿಯಂ ಗೂಟ 4 ಕೆಜಿಗೆ ಬಾಗಿತು. ಪಿವಿಸಿ 3 ಕೆಜಿಗೇ ಒರಗಿತು. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಹೋಲ್ಡರ್ ಕೊಂಡವರು, ಮಾಡಿಸಿದವರು ಎಲ್ಲರೂ ಇದನ್ನು ಮನೆ ಹತ್ತಿರವೇ ಮಾಡಿ ನೋಡಿ. ದಡದಲ್ಲಿ ರಾಡ್ ಹೋದ ಮೇಲೆ ತಿಳಿಯುವುದಕ್ಕಿಂತ ಒಳ್ಳೆಯದು.

ಮರುದಿನ ಹೋದರೆ ಅಂಗಡಿಗೆ ಬೀಗ. ಗುರುವಾರ. ಆ ಓಣಿಯಲ್ಲಿ ವಾರದ ರಜೆ ಗುರುವಾರ ಎಂಬುದು ಅಲ್ಲೇ ಕೆಲಸ ಮಾಡುವ ನನಗೇ ನೆನಪಾಗಲಿಲ್ಲ. ಶುಕ್ರವಾರ ಹೋದೆ. ಒಂದು ಗೇಟಿನ ಕೆಲಸ ಅರ್ಜೆಂಟಿತ್ತು, ಸೋಮವಾರ ಅಂದರು. ಸೋಮವಾರ ಬುಧವಾರವಾಯಿತು. ಚಿಕ್ಕ ಕೆಲಸಕ್ಕೆ ಇಂಥ ಕಾಯುವಿಕೆ ಇದ್ದದ್ದೇ. ಸಂಜೆ ಅಂಗಡಿ ಮುಚ್ಚುವ ಮುಂಚಿನ ಅರ್ಧ ಗಂಟೆಗೆ ಹೋಗಿ, ಸಾಮಾನು ನೀವೇ ಒಯ್ದರೆ ಬೇಗ ಆಗುತ್ತದೆ. ಆ ಮಧ್ಯದಲ್ಲಿ ನಾನು ಗುಜರಿಯಿಂದ ಮೂರು ಕೆಜಿ ಕಬ್ಬಿಣ ಆರಿಸಿ ತಂದೆ. ಕೆಜಿಗೆ 55ರ ಹಾಗೆ 165 ರೂಪಾಯಿ.

ಏನು ತಂದೆ ಅಂತ ವಿವರವಾಗಿ ಹೇಳುತ್ತೇನೆ. ನೆಲಕ್ಕೆ ಇಳಿಯಲು ಎಲ್ ಆಕಾರದ ಆ್ಯಂಗಲ್ ಪಟ್ಟಿ, 25 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದ. ಇದು ಮೀಟರಿಗೆ 1.1 ಕೆಜಿ ತೂಗುತ್ತದೆ. ನಾನು ಮೊದಲು 12 ಮಿಲಿಮೀಟರ್ ಸರಳು ಕೇಳಿದ್ದೆ. ಮಾಮಾ ಬೇಡ ಅಂದರು. ಸರಳು ದುಂಡಗೆ, ಪಿವಿಸಿ ತಿರುಗಿದ ಹಾಗೇ ತಿರುಗುತ್ತದೆ. ಆ್ಯಂಗಲಿಗೆ ಎರಡು ರೆಕ್ಕೆ ಇರುವುದರಿಂದ ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ. ರಾಡ್ ಕೂರಲು ಒಂದೂಕಾಲು ಇಂಚಿನ ಕಬ್ಬಿಣದ ಪೈಪ್, 30 ಸೆಂಟಿಮೀಟರ್. ಇದರ ಹೊರಗಿನ ಅಳತೆ 42 ಮಿಲಿಮೀಟರ್, ಒಳಗೆ 36ರ ಆಸುಪಾಸು. ಕಾಲಿನಿಂದ ಮೆಟ್ಟಲು ಅಂಗೈ ಉದ್ದದ ಒಂದು ದಪ್ಪ ಪಟ್ಟಿ.

ಪೈಪ್ ಆರಿಸುವಾಗ ನಾನು ಹೊಳೆಯುವ ಜಿಐ ಪೈಪಿನ ತುಂಡು ತಂದಿದ್ದೆ, ತುಕ್ಕು ಹಿಡಿಯುವುದಿಲ್ಲ ಅಂತ. ಮಾಮಾ ಅದನ್ನು ಪಕ್ಕಕ್ಕಿಟ್ಟರು. ಜಿಐ ಮೇಲೆ ಸತುವಿನ ಲೇಪ ಇರುತ್ತದೆ. ಹಾಗೇ ವೆಲ್ಡ್ ಮಾಡಿದರೆ ಏಳುವ ಹೊಗೆ ಕುಡಿದವನಿಗೆ ಜ್ವರ ಬರುತ್ತದೆ. ತಾನೇ ಒಮ್ಮೆ ಒಂದು ರಾತ್ರಿ ನಡುಗಿದ್ದಾಗಿ ಹೇಳಿದರು. ಲೇಪವಿಲ್ಲದ ಕರಿ ಪೈಪನ್ನೇ ತನ್ನಿ. ಜಿಐ ಬಿಟ್ಟು ಬೇರೆ ಸಿಗದಿದ್ದರೆ ವೆಲ್ಡ್ ಆಗುವ ಜಾಗದಲ್ಲಿ ಲೇಪ ಪೂರ್ತಿ ಉಜ್ಜಿ ತೆಗೆಸಿ, ಬಯಲಿನಲ್ಲಿ ಮಾಡಿಸಿ. ನಮ್ಮ ಹವ್ಯಾಸಕ್ಕೆ ಇನ್ನೊಬ್ಬರ ಎದೆ ಕೆಡಬಾರದು.

ಎಲ್ ಪಟ್ಟಿಯ ಒಳಕುಳಿಯಲ್ಲಿ ಪೈಪು ತಾನಾಗಿ ಕೂತಿತು, ಯಾರೋ ಅಳತೆ ಕೊಟ್ಟು ಮಾಡಿಸಿದ ಹಾಗೆ. ಎರಡೂ ಬದಿ ವೆಲ್ಡಿಂಗ್ ಗೆರೆ. ಪೈಪಿನ ಬಾಯಿಯಲ್ಲಿ ರೀಲಿನ ಕಾಲು, ಅಂದರೆ ರೀಲನ್ನು ರಾಡಿಗೆ ಸೇರಿಸುವ ಭಾಗ, ಇಳಿಯಲು ಒಂದು ಸೀಳು ಬೇಕು: 2 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಆಳ. ಈ ಸೀಳು ಇಲ್ಲದಿದ್ದರೆ ರಾಡ್ ಕೊಳವೆಯಲ್ಲಿ ಸುತ್ತುತ್ತದೆ. ಎಲ್ಲ ಆಗಿ, ಸಂಭ್ರಮದಿಂದ ಮನೆಗೆ ತಂದು ರಾಡ್ ಇಟ್ಟರೆ ರೀಲು ಆ್ಯಂಗಲಿನ ರೆಕ್ಕೆಗೆ ಬಡಿಯುತ್ತಿತ್ತು. ಸೀಳು ಪಟ್ಟಿಯ ಮಗ್ಗುಲಿಗೆ ಬಂದಿತ್ತು. ಯಾವ ಕಡೆ ಅಂತ ನಾನು ಹೇಳಿರಲೇ ಇಲ್ಲ. ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ತೂಗುತ್ತದೆ, ಅಂದರೆ ರಾಡ್ ನೀರಿನ ಕಡೆ ವಾಲಿದಾಗ ರೀಲಿನ ಮುಖವೂ ನೀರಿನ ಕಡೆಗೇ. ಆದ್ದರಿಂದ ಪಟ್ಟಿಯ ಬೆನ್ನು ನಿಮ್ಮ ಕಡೆ, ಸೀಳು ಅದಕ್ಕೆ ನೇರ ಎದುರು, ನೀರಿನ ಕಡೆ. ಸೀಳು ಕೊರೆಯುವ ಮುಂಚೆ ರಾಡ್ ಒಯ್ದು, ರೀಲು ಕೂರಿಸಿ, ಸೀಮೆಸುಣ್ಣದಿಂದ ಗುರುತು ಹಾಕಿಸಿ. ಪೈಪು ಬಿಚ್ಚಿ ತಿರುಗಿಸಿ ಮತ್ತೆ ಕೂರಿಸಲು ಇನ್ನೊಂದು ವಾರ ಕಾದೆ, 100 ರೂಪಾಯಿ ಕೊಟ್ಟೆ. ಮೊದಲ ಸಲದ್ದು 300. ಮಾಮಾ ಎರಡನೆಯದಕ್ಕೆ ಬೇಡ ಅಂದರು, ತಪ್ಪು ನನ್ನದು ಅಂತ ನಾನೇ ಕೊಟ್ಟೆ.

ಉಳಿದ ಕೆಲಸ ಬಾಲ್ಕನಿಯಲ್ಲಿ ನಾನೇ ಮಾಡಿದೆ. ಸೀಳಿನ ಅಂಚು ಚಾಕುವಿನ ಹಾಗಿತ್ತು. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿದೆ. ರಾಡಿನ ಮೈಗೆ ಒಂದು ಗೀರು ಬಿದ್ದರೆ ಮುಂದೆ ಅಲ್ಲಿಂದಲೇ ಮುರಿಯಬಹುದು. ಒಳಗೆ ಸೈಕಲ್ ಟ್ಯೂಬಿನ ಒಂದು ತುಂಡು ಅಂಟಿಸಿದೆ. ಪೈಪಿನ ತಳ ಮುಚ್ಚಿಸಬೇಡಿ, ನೀರು ಕೆಸರು ನಿಲ್ಲುತ್ತದೆ. ಒಂದು ಅಡ್ಡ ಬೋಲ್ಟ್ ಹಾಕಿದರೆ ರಾಡಿನ ಬುಡ ಅದರ ಮೇಲೆ ಕೂರುತ್ತದೆ, ನೀರು ಇಳಿದುಹೋಗುತ್ತದೆ. ಬೋಲ್ಟು, ಟ್ಯೂಬು ಸೇರಿ 40 ರೂಪಾಯಿ. ರೆಡ್ ಆಕ್ಸೈಡ್ ಒಂದು ಕೈ, ಒಂದು ದಿನ ಬಿಟ್ಟು ಹಳದಿ ಎನಾಮಲ್ ಎರಡು ಕೈ, ಎರಡು ಪುಟ್ಟ ಡಬ್ಬಿಗೆ 210. ಹಳದಿ ಯಾಕೆಂದರೆ ಸಂಜೆ ಕತ್ತಲಲ್ಲಿ ಯಾರೂ ಎಡವಬಾರದು. ಒಟ್ಟು ಈ ಗೂಟಕ್ಕೆ 815 ರೂಪಾಯಿ. ನೀವು ಸೀಳು ಸರಿ ಹಾಕಿಸಿ, ಮನೆಯಲ್ಲಿ ಉಳಿದ ಬಣ್ಣ ಬಳಿದರೆ ಐನೂರರ ಚಿಲ್ಲರೆಯಲ್ಲಿ ಮುಗಿಯುತ್ತದೆ. ತೂಕ ಎರಡು ಕೆಜಿ ದಾಟುತ್ತದೆ. ಬೈಕಿಗೆ ಕಟ್ಟುವಾಗ ಚೂಪು ತುದಿಗೆ ಹಳೆ ನೀರಿನ ಪೈಪಿನ ತುಂಡು ಸಿಕ್ಕಿಸುತ್ತೇನೆ.

ಖಾಲಿ ಜಾಗದಲ್ಲಿ ಮತ್ತೆ ತಕ್ಕಡಿ. 40 ಸೆಂಟಿಮೀಟರ್ ಇಳಿಸಿ ಎಳೆದೆ. 10 ಕೆಜಿ, 12 ಕೆಜಿ. ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಯಿತು. ಇಳಿಸಿದ ಆಳ ಅರ್ಧ ಮಾಡಿ ನೋಡಿದೆ, 3 ಕೆಜಿಗೇ ಒರಗಿತು. ಆಳ ಅರ್ಧವಾದರೆ ಬಲ ಅರ್ಧ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೇ ಮೆಟ್ಟುವ ಪಟ್ಟಿ ಅಷ್ಟು ಮುಖ್ಯ. ಸುತ್ತಿಗೆಯಿಂದ ಹೊಡೆಯುವುದಾದರೂ ಆ ಪಟ್ಟಿಯ ಮೇಲೆ, ಗೂಟಕ್ಕೆ ಆದಷ್ಟು ಹತ್ತಿರ ಹೊಡೆಯಿರಿ. ಕೊಳವೆಯ ಬಾಯಿಗೆ ಎಂದೂ ಬೇಡ.

ಫೆಬ್ರವರಿಯ ಮೊದಲ ಭಾನುವಾರ ಭಿಗವಣಕ್ಕೆ ಹೋದಾಗ ದಡವೇ ಬೇರೆಯಾಗಿತ್ತು. ನವೆಂಬರಿನಲ್ಲಿ ನಾನು ಕೂತಿದ್ದ ಹುಲ್ಲಿನ ಜಾಗ ಈಗ ನೀರಿನಿಂದ ದೂರ. ಮಳೆಗಾಲದಲ್ಲಿ ತುಂಬಿದ ಹಿನ್ನೀರು ಚಳಿಗಾಲ ಕಳೆಯುತ್ತ ಇಳಿಯುತ್ತದೆ, ಹೊಸ ಹೂಳು ತೆರೆದುಕೊಳ್ಳುತ್ತದೆ. ದೂರದಲ್ಲಿ ಫ್ಲೆಮಿಂಗೊ ಹಿಂಡು. ನಾನು ಒಂದು ಗಟ್ಟಿ ದಿಬ್ಬ ನೋಡಿ ಗೂಟ ಇಟ್ಟು ಕಾಲೆತ್ತಿದೆ. ಹಿಂದಿನಿಂದ ಕೂಗು.

“ಥಾಂಬಾ, ಥಾಂಬಾ! ಖಾಲೀ ಪಾಯಿಪ್ ಆಹೇ!”

ಕೆಳಗೆ ಪೈಪ್ ಇದೆ, ನಿಲ್ಲು ಅಂತ. ಕಬ್ಬಿನ ಗದ್ದೆಯಿಂದ ಒಬ್ಬ ರೈತರು ಓಡಿ ಬಂದರು. ಹಿನ್ನೀರಿನಿಂದ ಗದ್ದೆಗೆ ನೀರೆತ್ತುವ ಪೈಪುಗಳು ಆ ದಡದಲ್ಲಿ ಮಣ್ಣಿನ ಕೆಳಗೆ ಹೋಗಿವೆ. ನನ್ನ ಗೂಟ ಒಂದು ಮೆಟ್ಟಿಗೆ ಅದನ್ನು ತೂತು ಮಾಡುತ್ತಿತ್ತು. ಎದೆ ಧಸಕ್ಕೆಂದಿತು. ಕ್ಷಮೆ ಕೇಳಿದೆ. ಅವರೇ ಪೈಪಿಲ್ಲದ ಜಾಗ ತೋರಿಸಿದರು. ಗಟ್ಟಿ ಗೂಟ ಮಾಡಿಸಿದವರು ಇದನ್ನು ಮರೆಯಲೇಬಾರದು. ಕವೆಗೋಲು ಯಾರ ಪೈಪನ್ನೂ ಒಡೆಯುತ್ತಿರಲಿಲ್ಲ, ಇದು ಒಡೆಯುತ್ತದೆ. ಮೋಟಾರು ಎಲ್ಲಿದೆ ನೋಡಿ, ಗದ್ದೆಯವರನ್ನು ಕೇಳಿ, ಆಮೇಲೆ ಹೊಡೆಯಿರಿ. ಹಾಗೇ ತಲೆ ಎತ್ತಿ ಮೇಲೂ ನೋಡಿ. ಪಂಪ್‌ಸೆಟ್ಟಿನ ಕರೆಂಟ್ ತಂತಿ ಎಷ್ಟೋ ಕಡೆ ಜೋತುಬಿದ್ದಿರುತ್ತದೆ. ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ. ನೆಟ್ಟಗೆ ನಿಂತ ರಾಡ್ ತಂತಿಯ ಹತ್ತಿರ ಬಂದರೆ ಜೀವಕ್ಕೇ ಅಪಾಯ. ಸಿಡಿಲಿನ ಮೋಡ ಕಂಡರೂ ರಾಡ್ ಮಲಗಿಸಿ ದೂರ ಹೋಗಿ.

ಪವನಾದ ಕಲ್ಲು ಕಟ್ಟಿದ ಇಳಿಜಾರಿಗೆ ಮಾತ್ರ ಈ ಗೂಟವೂ ಇಳಿಯುವುದಿಲ್ಲ. ಅಲ್ಲಿಗೆ ಗೆಳೆಯನೊಬ್ಬ ಮೂರು ಕಾಲಿನ ಸ್ಟ್ಯಾಂಡ್ ಮಾಡಿಸಿದ್ದಾನೆ. ನಡುವಿನ ಕೊಕ್ಕೆಗೆ ಒಂದು ಸಿಮೆಂಟ್ ಚೀಲ ತೂಗುಹಾಕಿ ಅದರಲ್ಲಿ ಅಲ್ಲೇ ಸಿಗುವ ಕಲ್ಲು ತುಂಬುತ್ತಾನೆ. ಭಾರ ಜಾಗದಲ್ಲೇ ಸಿಗುವುದರಿಂದ ಹೊತ್ತು ಒಯ್ಯುವುದು ಬರೀ ಕಾಲುಗಳನ್ನು. ನಾನು ನೋಡಿದಾಗ ಚೆನ್ನಾಗಿ ನಿಂತಿತ್ತು.

ಮೊದಲ ಎರಡು ಭಾನುವಾರ ಚಿಲಾಪಿ, ಅಂದರೆ ತಿಲಾಪಿಯಾ ಮೀನು, ಬಿಟ್ಟು ಏನೂ ಸಿಗಲಿಲ್ಲ. ಗೂಟದ ಪರೀಕ್ಷೆ ಆಗಲೇ ಇಲ್ಲ. ಮೂರನೆಯದು ಕಳೆದ ಭಾನುವಾರ. ಬೆಳಿಗ್ಗೆ ಆರೂವರೆಗೆ ಗೂಟ ಮೆಟ್ಟಿದೆ, ನೆಟ್ಟಗೆ. ಹೂಳಿನಲ್ಲಿ ಅದು ಮೆಟ್ಟುಪಟ್ಟಿಯವರೆಗೂ ಇಳಿಯಿತು. ರೀಲಿನ ಕಾಲಿಗೆ ಒಂದು ನೈಲಾನ್ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ಗೂಟಕ್ಕೆ ಬಿಗಿದೆ, ಮಧ್ಯೆ ಒಂದು ಮೀಟರ್ ಸಡಿಲ. ಎಲ್ಲ ತಪ್ಪಿದರೂ ರಾಡ್ ಉಳಿಯಲಿ ಅಂತ. ಮೀನು ಎಳೆದರೆ ಸದ್ದಾಗಲಿ ಅಂತ ರಾಡಿನ ತುದಿಗೆ ಗೆಜ್ಜೆ. ಡ್ರ್ಯಾಗ್ ಸಡಿಲ. ಹಿಂಡಿಯ ಉಂಡೆ.

ಹತ್ತು ಗಂಟೆ ಹೊತ್ತಿಗೆ ಗೆಜ್ಜೆ ಎರಡು ಸಲ ಅಂದಿತು, ಸುಮ್ಮನಾಯಿತು. ಆಮೇಲೆ ರಾಡ್ ಒಮ್ಮೆಗೇ ಬಿಲ್ಲಾಯಿತು. ನನ್ನ ಕಣ್ಣು ಮೀನಿನ ಕಡೆ ಹೋಗಲಿಲ್ಲ, ಗೂಟದ ಬುಡಕ್ಕೆ ಹೋಯಿತು. ಮಣ್ಣು ಕೂದಲೆಳೆಯಷ್ಟು ಬಿರುಕು ಬಿಟ್ಟು ಅಲ್ಲಿಗೇ ನಿಂತಿತು. ರೀಲು ಕಿರ್ರೆಂದು ದಾರ ಬಿಡುತ್ತಿತ್ತು. ನಾನು ಓಡಲಿಲ್ಲ. ಎದ್ದು ನಡೆದು ಹೋಗಿ, ರಾಡನ್ನು ಮೇಲಕ್ಕೆ ಎತ್ತಿ ತೆಗೆದೆ. ನವೆಂಬರಿನಿಂದ ಎದೆಯಲ್ಲಿ ಇದ್ದ ಏನೋ ಒಂದು ಆಗ ಸಡಿಲಾಯಿತು. ಇಪ್ಪತ್ತು ನಿಮಿಷಕ್ಕೆ ರೋಹು ದಡಕ್ಕೆ ಬಂತು. ಅದೇ ಕೊಕ್ಕೆ ತಕ್ಕಡಿಯಲ್ಲಿ 3 ಕೆಜಿ 800 ಗ್ರಾಂ.

ಗೂಟ ಹೊರಗೆ ತೆಗೆಯುವುದಕ್ಕೇ ಕಷ್ಟವಾಯಿತು. ನೇರ ಮೇಲಕ್ಕೆ ಎಳೆಯಬೇಡಿ, ಸೊಂಟ ಹಿಡಿಯುತ್ತದೆ. ಹಿಂದೆ ಮುಂದೆ ಅಲುಗಿಸಿ, ಮೆಟ್ಟುಪಟ್ಟಿಯ ಕೆಳಗೆ ಕೈ ಹಾಕಿ ಎತ್ತಿ. ಮನೆಗೆ ಬಂದು ತೊಳೆದು ಒರೆಸಿ, ಬಣ್ಣ ಕಿತ್ತ ಕಡೆ ಸ್ವಲ್ಪ ಎಣ್ಣೆ ಹಚ್ಚಿ ಇಟ್ಟೆ.

ರಾತ್ರಿ ಅಣ್ಣನಿಗೆ ಫೋಟೊ ಕಳಿಸಿದೆ. ಅವನು ಮೀನಿನ ಬಗ್ಗೆ ಕೇಳಲಿಲ್ಲ. “ಆ ಹಳದಿ ಗೂಟ ನಂಗೂ ಒಂದು ಬೇಕು” ಅಂದ. ಯುಗಾದಿಗೆ ಊರಿಗೆ ಹೋಗುವಾಗ ಒಯ್ಯಬೇಕು. ನಿನ್ನೆ ಮಾಮಾ ಹತ್ತಿರ ಹೋಗಿದ್ದೆ. ನಮ್ಮ ಊರ ದಡ ಎರೆಮಣ್ಣು, ಮೆತ್ತಗೆ, ಅದಕ್ಕೆ ಆ್ಯಂಗಲ್ ಒಂದು ಅಡಿ ಉದ್ದ ಜಾಸ್ತಿ ಇಟ್ಟು, ಇಳಿಯುವ ಭಾಗದಲ್ಲಿ ಇನ್ನೊಂದು ಅಗಲ ಪಟ್ಟಿ ಸೇರಿಸಿ ಅಂತ ಹೇಳಿದೆ. ಅವರು ಸೀಮೆಸುಣ್ಣ ತೆಗೆದು ನನ್ನ ಕೈಗೇ ಕೊಟ್ಟರು. ಸೀಳಿನ ಗುರುತು ನಾನೇ ಹಾಕಿ ಬಂದೆ. ನಾಳೆ ಗುರುವಾರ, ಅಂಗಡಿ ರಜೆ. ಶುಕ್ರವಾರ ಸಂಜೆ ಸಿಗುತ್ತದೆ.